ಹೆಬ್ಬೆಟ್ಟು ಒತ್ತಿದ ಹೇಳಿಕೆ

ಶಿಕಾರಿಪುರದಲ್ಲಿ ನನ್ನಿಂದ ಬೇಸ್ತು ಬೀಳದವರೇ ಇರಲಿಲ್ಲ. ಅಮಲ್ದಾರರನ್ನೇ ಇಲ್ಲದ ಮದುವೆಯ ಊಟಕ್ಕೆ ಉಡುತಡಿಗೆ ಕಳಿಸಿದ ಭೂಪ ನಾನು! ಐವತ್ತರ ದಶಕದ ಕೊನೆಯಲ್ಲಿ ಸೊರಬಕ್ಕೆ ಮೇಷ್ಟ್ರಾಗಿ ಹೋದೆ. ತಾಲ್ಲೂಕು ಬೋರ್ಡಿನವರು ನಡೆಸುತ್ತಿದ್ದ ಅನಾಥಾಲಯದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಒಂದು ದಿನ ಅವಳ ತೋಳಿನ ಮೇಲೆ ಬಾಸುಂಡೆ ಕಂಡು ಕೇಳಿದೆ. ಅನಾಥಾಲಯದ ಮೇಲ್ವಿಚಾರಕ ಹೊಡೆದನಂತೆ. ಕೂಡಲೇ ಬೋರ್ಡಿಗೆ ಅರ್ಜಿ ಬರೆದೆ. ಅವರು ಎಂದಿನ ಪದ್ಧತಿಯಂತೆ ಅದನ್ನು ವರದಿಗಾಗಿ ಅದೇ ಮೇಲ್ವಿಚಾರಕನಿಗೆ ಕಳಿಸಿದರು.

ಹದಿನೈದು ದಿನದ ಮೇಲೆ ಬೋರ್ಡಿನ ಅಧ್ಯಕ್ಷರು ನನ್ನನ್ನು ಕರೆಸಿ, ಮೇಲ್ವಿಚಾರಕ ಕಳಿಸಿದ್ದ ಹೇಳಿಕೆಯನ್ನು ಮುಂದಿಟ್ಟರು.

“ನೋಡ್ರೀ ಮೇಷ್ಟ್ರೇ, ಯಾರೂ ಹೊಡ್ದಿಲ್ಲ ಅಂತ ಹುಡುಗೀನೇ ಹೆಬ್ಬೆಟ್ಟು ಒತ್ತಿದಾಳೆ.”

“ಅವಳಿಗೆ ಹೆಸರು ಬರಿಯೋಕೆ ಬರುತ್ತೆ ಸ್ವಾಮಿ, ನಾನೇ ಕಲಿಸಿದ್ದು. ಇದು ಅವಳ ಹೆಬ್ಬೆಟ್ಟೇ ಅಲ್ಲ. ಇಲ್ಲಿಗೇ ಕರೆಸಿ ಕೇಳ್ರೀ.”

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಮಲ್ದಾರ್ರನ್ನ ಉಡುತಡಿಗೆ ಊಟಕ್ಕೆ ಕಳ್ಸಿದೋರು ನೀವೇ ಅಲ್ವೇನ್ರೀ? ನಮ್ಮತ್ರ ಈ ಆಟ ಬ್ಯಾಡ, ಹೋಗ್ರೀ!”

ಕಚೇರಿಗೆ ಕಚೇರಿಯೇ ನಕ್ಕಿತು.

ಮರುದಿನ ಹುಡುಗಿ ತನ್ನ ಹೆಸರನ್ನು ಸ್ಲೇಟಿನ ಮೇಲೆ ದುಂಡಗೆ ಬರೆದು ತಂದು ತೋರಿಸಿದಳು. “ಚೆನ್ನಾಗಿದೆ ಮಗಾ” ಎಂದೆ. ಸ್ಲೇಟು ಹಿಡಿದ ಕೈಯಲ್ಲಿ ಹೊಸ ಬಾಸುಂಡೆ ಇತ್ತು.