ಎರಡೇ ನಿಮಿಷದ ಪಿನ್ನು

ಅಮೆರಿಕದ ಮಿಲ್ಪಿಟಾಸ್‌ನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಹಗಲೆಲ್ಲ ಚಿಪ್ ಕಂಪನಿಯಲ್ಲಿ ದುಡಿದು ಬಂದು, ಸಂಜೆ ಗ್ಯಾರೇಜಿನಲ್ಲಿ ವಾಚು ಬಿಚ್ಚುತ್ತ ಕೂರುತ್ತಿದ್ದರು. ಚೆನ್ನಾಗಿ ಓಡುತ್ತಿರುವ ವಾಚು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಒಂದರ ಮುಳ್ಳು ಇನ್ನೊಂದಕ್ಕೆ, ಅದರ ಡಯಲ್ಲು ಮತ್ತೊಂದಕ್ಕೆ. ಸಲಕರಣೆಗಳೆಲ್ಲ ಮನೆಯವೇ. ಗಾಜು ಒತ್ತಿ ಕೂರಿಸಲು ಹೆಂಡತಿಯ ಚಕ್ಕುಲಿ ಒರಳು, ಹಿಂಬದಿಯ ಮುಚ್ಚಳ ತೆಗೆಯಲು ಉಜ್ಜಿ ಚೂಪು ಮಾಡಿದ ಚಮಚ. ಯಾರು ಏನು ಕೇಳಿದರೂ ಒಂದೇ ಮಾತು: "ಎರಡೇ ನಿಮಿಷ, ಇರಿ."

ನನ್ನ ವಾಚಿನ ಸ್ಟೀಲ್ ಚೈನು ಸಡಿಲವಾಗಿತ್ತು. ಅವರು ಒಂದು ಕೊಂಡಿ ತೆಗೆಯುವಾಗ ಅದರ ಪುಟ್ಟ ಪಿನ್ನು ಚಿಮ್ಮಿ ಎಲ್ಲೋ ಮಾಯವಾಯಿತು. ಒಳಗೆ ಹೋಗಿ, ಹೆಂಡತಿಯ ಬಳೆಯಲ್ಲಿ ತೂಗುತ್ತಿದ್ದ ಸೇಫ್ಟಿ ಪಿನ್ನೊಂದನ್ನು ಬಿಚ್ಚಿ ತಂದು ಚೈನಿಗೆ ಸಿಕ್ಕಿಸಿದರು.

"ಹೊಸ ಪಿನ್ ಆರ್ಡರ್ ಮಾಡ್ತೀನಿ. ಅಲ್ಲೀವರೆಗೂ ಇದಿರ್ಲಿ ಬಿಡಿ."

ಆರು ತಿಂಗಳಾದರೂ ಅದೇ ಇತ್ತು.

ಒಂದು ಭಾನುವಾರ ಲಿವರ್‌ಮೋರ್ ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಿದ್ದಾಗ ಅವರ ಹೆಂಡತಿಯ ಸೆರಗು ಜಾರಿತು. ಆಕೆ ಬಳೆ ತಡಕಿದರು. ಅಲ್ಲಿದ್ದ ಪಿನ್ನುಗಳೆಲ್ಲ ಒಂದೊಂದಾಗಿ ಗ್ಯಾರೇಜು ಸೇರಿದ್ದವು. ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿದರು.

"ಸ್ವಲ್ಪ ವಾಚ್ ಕೊಡಿ. ಆ ಪಿನ್ನು ನಂದು."

ಪಿನ್ನು ಅವರ ಸೆರಗಿಗೆ ಹೋಯಿತು. ಬಿಚ್ಚಿಹೋದ ವಾಚು ನನ್ನ ಅಂಗೈಗೆ ಬಂತು.

"ಎರಡೇ ನಿಮಿಷ, ಇರಿ," ಎಂದರು ಗಂಡ. ಅವರ ಕಣ್ಣು ಆಗಲೇ ಸಾಲಿನಲ್ಲಿದ್ದ ಹೆಂಗಸರ ಬಳೆಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿತ್ತು.