ಪೂಜಾರಿ ಓಬಯ್ಯನ ಮಂಗಳವಾರ

ಶಿರಾದಾಚೆಯ ಆ ಕಾಡುಗೊಲ್ಲರ ಹಟ್ಟಿಯಲ್ಲಿ ಕುಡಿತ ಬಿಡಬೇಕೆಂದವರು ದೇವರ ಮುಂದೆ ಆಣೆ ಮಾಡಿ, ಪೂಜಾರಿ ಓಬಯ್ಯನಿಂದ ದಾರ ಕಟ್ಟಿಸಿಕೊಳ್ಳುತ್ತಿದ್ದರು. ಕಟ್ಟುವವನೇ ಕುಡುಕ ಎಂಬುದು ಅವನ ಹೆಂಡತಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಕುರಿ ರೊಪ್ಪದ ಮರೆಯಲ್ಲಿ ಒಂದು ನೈಂಟಿ ಸುರಿದುಕೊಳ್ಳದಿದ್ದರೆ ಮಂಗಳಾರತಿ ತಟ್ಟೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ದೇವರಿಗೆ ಇದು ಕಾಣದೆ ಇರುತ್ತದೆಯೇ? ಕಾಣುತ್ತಿತ್ತು, ಪಾಪ, ಸುಮ್ಮನಿತ್ತು ಅಷ್ಟೆ.

ಹೋದ ವರ್ಷ ಅವನ ಅಕ್ಕ ಹೊನ್ನಕ್ಕ ತನ್ನ ಮಗ ಸುನಿಲ್‌ಕುಮಾರನನ್ನು ಎಳೆತಂದು ದಾರ ಕಟ್ಟಿಸಿದಳು. ಅವನು ಮಾತಿಗೆ ತಪ್ಪಲಿಲ್ಲ, ಅಂದೇ ಬಿಟ್ಟ. ಎರಡು ದಿನ ಕಳೆಯುವಷ್ಟರಲ್ಲಿ ಮೈಯೆಲ್ಲ ನಡುಗಿ, ಬೆವೆತು, ಗೋಡೆ ಮೇಲೆ ಹಾವು ಹರಿಯುತ್ತಿವೆ ಎಂದು ಕೂಗಾಡತೊಡಗಿದ. ಹಟ್ಟಿಯವರು ಅವನನ್ನು ಗುಡಿ ಮುಂದೆ ತಂದು ಮಲಗಿಸಿದರು.

"ಕದ್ದು ಕುಡ್ದವ್ನೆ, ದೇವ್ರು ಮುನಿದೈತೆ. ತಪ್ಪು ಒಪ್ಕೊಳ್ಳೋಗಂಟ ಎಬ್ಬಿಸ್ಬ್ಯಾಡಿ" ಎಂದ ಹಟ್ಟಿಯ ಯಜಮಾನ ಕದಿರಯ್ಯ.

ಓಬಯ್ಯನಿಗೆ ಆ ನಡುಕದ ಗುರುತು ಸಿಕ್ಕಿತು. ತಾನೂ ಒಮ್ಮೆ ಬಿಡಲು ಹೋಗಿ, ಇದೇ ನಡುಕಕ್ಕೆ ಹೆದರಿ ಮತ್ತೆ ಕುಡಿದಿದ್ದ. ಬಾಯಿಬಿಟ್ಟರೆ ಅಪ್ಪನಿಂದ ಬಂದ ಪೂಜೆ ಹೋಗುತ್ತದೆ. ಸುಮ್ಮನಿದ್ದರೆ ಅಳಿಯನೇ ಹೋಗುತ್ತಾನೆ.

"ಇದು ದೇವ್ರಲ್ಲ ಕಣಣ್ಣ" ಎಂದ. "ಎಣ್ಣೆ ಒಂದೇ ಸಲಕ್ಕೆ ನಿಂತ್ರೆ ಇಂಗಾಗ್ತದೆ. ನಂಗೂ ಆಗಿತ್ತು. ನಾನೂ ಕುಡೀತೀನಿ."

ಹೊನ್ನಕ್ಕ ಎದ್ದು, "ಇಷ್ಟು ದಿನ ಯಾಕ್ಲಾ ಬಾಯಿ ಮುಚ್ಕಂಡಿದ್ದೆ" ಎಂದು ತಮ್ಮನ ಬೆನ್ನಿಗೊಂದು ಗುದ್ದಿ, ಮಗನ ತೋಳಿಗೆ ಕೈಹಾಕಿದಳು. ಮೂವರೂ ಆಟೋದಲ್ಲಿ ಶಿರಾ ಆಸ್ಪತ್ರೆ ಸೇರಿದರು. ಇನ್ನೂ ತಡವಾಗಿದ್ದರೆ ಜೀವಕ್ಕೇ ಸಂಚಕಾರವಿತ್ತು ಎಂದರು ಡಾಕ್ಟರು. ಕುಡಿತವೂ ಒಂದು ಕಾಯಿಲೆ, ಔಷಧಿ ಕೊಟ್ಟೇ ಬಿಡಿಸಬೇಕು, ಮನಸ್ಸಿನ ಡಾಕ್ಟರು ಮಂಗಳವಾರ ಬರುತ್ತಾರೆ, ಇಬ್ಬರೂ ಬನ್ನಿ ಎಂದರು.

ಹಟ್ಟಿಯವರು ಓಬಯ್ಯನಿಂದ ಪೂಜೆ ಕಿತ್ತುಕೊಂಡು ಅವನ ತಮ್ಮನಿಗೆ ಕೊಟ್ಟರು. ಗುಡಿಯ ಗಂಟೆ ಕೇಳಿದಾಗಲೆಲ್ಲ ಓಬಯ್ಯ ಕುರಿ ಹೊಡೆದುಕೊಂಡು ದೂರ ಹೋಗುತ್ತಿದ್ದ. ಆದರೂ ಮಂಗಳವಾರ ಅಳಿಯನ ಜೊತೆ ಬಸ್ಸು ಹತ್ತುವುದನ್ನು ಬಿಡಲಿಲ್ಲ. ನಡುವೆ ಒಮ್ಮೆ ಕುಡಿದು, ನಾಚಿಕೊಂಡೇ ಹೋದ. ಆ ಮನಸ್ಸಿನ ಡಾಕ್ಟರಮ್ಮ ಬೈಯಲಿಲ್ಲ, ಕುರಿಮರಿಗಳ ಬಗ್ಗೆ ವಿಚಾರಿಸಿ ಮಾತ್ರೆ ಬದಲಿಸಿದರು. ಸುನಿಲ್ ಈಗ ಸಂತೆಗೆ ಹೋದರೆ ಬೆಳಕಿರುವಾಗಲೇ ಮನೆಗೆ ಬರುತ್ತಾನೆ.

ಮೊನ್ನೆ ಮಂಗಳವಾರ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದಾಗ ಕದಿರಯ್ಯ ಬಂದು ಪಕ್ಕ ನಿಂತ. ಓಬಯ್ಯನ ಜೊತೆ ಅವನು ಮಾತು ಬಿಟ್ಟು ವರ್ಷವಾಗಿತ್ತು. ಬಸ್ಸು ಬಂತು. ಕದಿರಯ್ಯ ತಲೆವಸ್ತ್ರ ಸರಿಮಾಡಿಕೊಂಡು, "ಓಬಯ್ಯ, ಆ ಡಾಕ್ಟರಮ್ಮನ್ ಹತ್ರ ನನ್ ಪಕ್ಕದಲ್ಲೇ ಕೂತ್ಕ" ಎಂದ.