ಕಪ್ಪು ಕನ್ನಡಕದವನು ಭೂತಬಂಗಲೆಗೆ ಹೋದದ್ದು

ಪಾರ್ಕಿನ ಗೇಟು ದಾಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ನೆರಳು ಎಣಿಸಿದ್ದು. ಟಿಕೆಟ್ ಕೌಂಟರಿನ ಎಡಕ್ಕೆ ಒಂದು ಹೊಂಗೆ ಮರ, ತಿಂಡಿ ಅಂಗಡಿಯ ಮುಂದೆ ನೀಲಿ ತಾಡಪತ್ರಿ, ಶೌಚಾಲಯದ ಹಿಂದೆ ಗೋಡೆಗುಂಟ ಒಂದು ಸಣ್ಣ ಪಟ್ಟಿ. ಮೂರೇ. ಉಳಿದದ್ದೆಲ್ಲ ಹೊಸ ತಗಡು, ಕನ್ನಡಿ ಅಂಟಿಸಿದ ಮರದ ಕುದುರೆಗಳು, ಈಜುಕೊಳದ ನೀರು, ಹಾಡುಹಗಲಲ್ಲೂ ಉರಿಯುತ್ತಿದ್ದ ದೊಡ್ಡ ಪರದೆ. ದಾಂಡೇಲಿ ರಸ್ತೆಯ ಆಚೀಚೆ ಅಷ್ಟೊಂದು ಕಾಡಿದ್ದೂ, ಹುಡುಕಿ ಹುಡುಕಿ ಇಂಥ ಬಯಲನ್ನೇ ಆರಿಸಿದವರ ಮೇಲೆ ನನಗೆ ಆಗಲೇ ಅನುಮಾನ ಬಂತು.

ನನ್ನದು ಬೆಳಕಿಗೆ ಏಳುವ ಮೈಗ್ರೇನ್. ಬರೀ ಬಿಸಿಲಾದರೆ ಹೇಗೋ ತಡೆದುಕೊಂಡೇನು. ಹೊಳೆದು ಆರಿ, ಆರಿ ಹೊಳೆಯುವ ಬೆಳಕಿದೆಯಲ್ಲ, ಅದು ನನ್ನ ವೈರಿ. ಮೊದಲು ಎದುರು ನಿಂತವರ ಅರ್ಧ ಮುಖ ಮಾಯವಾಗುತ್ತದೆ. ಆಮೇಲೆ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಹೊಳಪು ಕುಣಿಯುತ್ತದೆ. ಅದು ಇಳಿಯುವಷ್ಟರಲ್ಲಿ ತಲೆ ಸಿಡಿಯತೊಡಗಿ, ಹೊಟ್ಟೆ ತೊಳಸಿ, ಮಾತು ತೊದಲುತ್ತದೆ. ಹಾಗಾಗಿ ಎಲ್ಲಿಗೆ ಹೊರಟರೂ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ, ಒದ್ದೆ ಟವೆಲು, ಹೊಟ್ಟೆ ಖಾಲಿ ಬೀಳದಂತೆ ಎರಡು ರೊಟ್ಟಿ ಜೊತೆಗೆ ಬರುತ್ತವೆ.

ಹಳಿಯಾಳದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ವಾರಕ್ಕೆರಡು ಸಲ ಬೈಕಿನಲ್ಲಿ ಗೋವಾ ಗಡಿಯ ರಾಮನಗರದ ಕಡೆ ಹೋಗಿ, ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ನೋಡಿ ಬರುತ್ತೇನೆ. ಬರುವ ದಾರಿಯುದ್ದಕ್ಕೂ ಇಳಿಬಿಸಿಲು ಮರಗಳ ಸಂದಿಯಿಂದ ಪಟಪಟನೆ ಕಣ್ಣಿಗೆ ಹೊಡೆಯುತ್ತದೆ. ಮನೆ ಮುಟ್ಟುವ ಹೊತ್ತಿಗೆ ಕಣ್ಣು ಕೆಂಪು, ನಡಿಗೆ ಅಡ್ಡಾದಿಡ್ಡಿ. ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಕೋಣೆಯ ಚಿಲಕ ಹಾಕಿಕೊಂಡು ಬಿದ್ದುಕೊಳ್ಳುತ್ತಿದ್ದೆ. ಇನ್ನೊಂದು ಮಾತು ಹೇಳಬೇಕು. ರಾಮನಗರದ ಮುಂದೆ ಗೋವಾ. ಅಲ್ಲಿ ಬಾಟಲಿ ಅಗ್ಗ. ಆ ಕಡೆಯಿಂದ ಬರುವ ಗಂಡಸಿನ ಚೀಲವನ್ನು ನಮ್ಮ ಓಣಿಯಲ್ಲಿ ಯಾರೂ ಸುಮ್ಮನೆ ನೋಡುವುದಿಲ್ಲ.

ನಮ್ಮ ಮಾವ ಅಂತೂ ನೋಡುವುದೇ ಇಲ್ಲ, ಮೂಸುತ್ತಾರೆ. ಅವರ ಒಡಹುಟ್ಟಿದ ತಮ್ಮ ಕುಡಿದು ಕುಡಿದೇ ಸತ್ತವನು. ಹಾಗಾಗಿ ನಿಶ್ಚಿತಾರ್ಥದ ದಿನ ಕುಂಕುಮ, ಸಕ್ಕರೆಯ ಶಾಸ್ತ್ರ ಎಲ್ಲ ಆಗುವ ಮೊದಲೇ ನನ್ನನ್ನು ಪೂಜೆಯ ಕೋಣೆಗೆ ಕರೆದುಕೊಂಡು ಹೋಗಿ, ನನ್ನ ಕೊರಳಿನ ಲಿಂಗವನ್ನು ನನ್ನದೇ ಎಡಗೈಯಲ್ಲಿ ಇಡಿಸಿ, ಜೀವ ಇರುವತನಕ ಹೆಂಡ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಆಣೆಯನ್ನು ನಾನು ಒಂದು ದಿನವೂ ಮುರಿದಿಲ್ಲ. ಆದರೆ ಕಪ್ಪು ಕನ್ನಡಕ ಹಾಕಿಕೊಂಡು ತೂರಾಡುತ್ತ ಬರುವವನು ತಲೆನೋವು ಎಂದರೆ ನಂಬುವವರು ಯಾರು? ಮಾವ ನಂಬದಿದ್ದರೆ ಹೋಗಲಿ. ಹೆಂಡತಿ ನಂಬುತ್ತಾಳೋ ಇಲ್ಲವೋ ಎನ್ನುವುದೊಂದೇ ನನ್ನನ್ನು ಹನ್ನೊಂದು ವರ್ಷ ಕೊರೆಯುತ್ತಿತ್ತು. ನಾನು ಮನೆಗೆ ಬಂದೊಡನೆ ಅವಳು ಟವೆಲು ಕೊಡುವ ನೆಪದಲ್ಲಿ ಹತ್ತಿರ ಬಂದು ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿದ್ದಳು. ಬಾಯಿವಾಸನೆ ನೋಡುತ್ತಿದ್ದಾಳೆ ಎಂದು ನನ್ನ ಗುಮಾನಿ. ಕೇಳುವ ಧೈರ್ಯ ಇರಲಿಲ್ಲ. ಹೌದು ಅಂದುಬಿಟ್ಟರೆ?

ಕಳೆದ ವರ್ಷ ಒಬ್ಬ ಹೋಮಿಯೋಪಥಿ ಡಾಕ್ಟರು ಹನಿ ಔಷಧ ಕೊಟ್ಟರು. ನೋವು ಏಳುವ ಸೂಚನೆ ಕಂಡ ಕೂಡಲೇ ಹತ್ತು ಹನಿ ಹಾಕಿಕೊಳ್ಳಬೇಕು. ಮುಚ್ಚಳ ತೆಗೆದರೆ ಸ್ಪಿರಿಟ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಔಷಧಕ್ಕೆ ಅದು ಬೇಕಾಗುತ್ತದೆ ಎಂದರು. ನಮ್ಮ ಮನೆಯಲ್ಲಿ ಆ ಮಾತು ಯಾರಿಗೆ ಹೇಳಲಿ? ಬಾಟಲಿಯನ್ನು ದಾಡಿ ಸಾಮಾನಿನ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ.

ಕೆಲವು ವಾರ ಹನಿ ನಾಲಿಗೆಯನ್ನು ಚುರ್ ಅನಿಸುತ್ತಿತ್ತು. ಆಮೇಲೆ ಚುರುಕು ಹೋಯಿತು. ವಾಸನೆಯೂ ಹೋಯಿತು. ಎರಡು ತಿಂಗಳಿಗೆ ಮುಗಿಯಬೇಕಾದ ಬಾಟಲಿ ನಾಲ್ಕು ತಿಂಗಳಾದರೂ ಮುಗಿಯಲಿಲ್ಲ. ಡಾಕ್ಟರು ನೀರು ಬೆರೆಸಿದ್ದಾರೆ ಎಂದು ನೇರ ಹೋಗಿ ಜಗಳ ತೆಗೆದೆ. ಅವರು ಪಾಪ ಹೊಸ ಬಾಟಲಿ ತೆರೆದು ನನ್ನ ನಾಲಿಗೆಗೆ ಒಂದು ಹನಿ ಬಿಟ್ಟರು. ಚುರ್ ಎಂದಿತು. ಹಾಗಾದರೆ ಈ ಮನುಷ್ಯ ಎರಡು ಥರದ ಬಾಟಲಿ ಇಟ್ಟಿದ್ದಾನೆ ಎಂದುಕೊಂಡು ಎದ್ದುಬಂದೆ. ಸಂಶಯಕ್ಕೆ ಒಂದು ಸಲ ಮನೆ ಕೊಟ್ಟರೆ ಅದು ಬಾಡಿಗೆ ಕೊಡದೆಯೂ ಇರುತ್ತದೆ.

ಇಂಥ ನಾನು ಪಾರ್ಕಿಗೆ ಹೋದದ್ದು ಎಂಟು ವರ್ಷದ ಮಗಳ ಹಟಕ್ಕೆ. ಬಾಡಿಗೆ ಕಾರಿನಲ್ಲಿ ನಾನು, ಹೆಂಡತಿ, ಮಗಳು, ಮಾವ. ಹೊರಡುವಾಗ ಮಾವ ನನ್ನ ಚೀಲದ ಕಡೆ ಕಣ್ಣು ಮಾಡಿ, "ಅಳಿಯಂದ್ರ, ಇಷ್ಟ್ ದೊಡ್ಡ ಚೀಲದಾಗ ಏನೇನ್ ತುಂಬೀರಿ?" ಎಂದರು.

"ರೊಟ್ಟಿ, ಟವೆಲ್, ಟೋಪಿ ಅದಾವ್ರಿ" ಎಂದೆ. ಬಾಟಲಿಯ ಮಾತು ಎತ್ತಲಿಲ್ಲ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ನೋಡಿದಳು. ಚಹಾಕ್ಕೆ ನಿಲ್ಲಿಸಿದಾಗ ಮೂತ್ರಕ್ಕೆಂದು ಪೊದೆಯ ಹಿಂದೆ ಹೋದರೆ ಅಲ್ಲಿಗೂ ಕಣ್ಣು ನೆಟ್ಟಿದ್ದಳು. ನನಗೆ ರೇಗಿ ಹೋಗಿತ್ತು, ಆದರೂ ಹಲ್ಲು ಕಚ್ಚಿಕೊಂಡೆ.

ಎರಡು ತಾಸು ನಾನು ಜಾಣನಂತೆ ನೆರಳಿನಿಂದ ನೆರಳಿಗೆ ಹಾರುತ್ತ ಕಳೆದೆ. ಈಜುಕೊಳಕ್ಕೆ ಬೆನ್ನು ಮಾಡಿ ಕೂತೆ. ಪರದೆಯ ಮುಂದೆ ತಲೆ ತಗ್ಗಿಸಿ ನಡೆದೆ. ಕೊನೆಗೆ ಮಗಳು ಕೈ ಎಳೆದು, "ಪಪ್ಪಾ, ಕುದುರಿ ಮ್ಯಾಲ ಒಂದ ಸಲ ನನ್ನ ಜೋಡಿ ಕುಂದ್ರು, ಸಾಕು" ಎಂದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಕುದುರೆಗಳು ತಿರುಗಿದವು. ಒಂದೊಂದು ಕುದುರೆಯ ಕೊರಳಿನಲ್ಲೂ ಕನ್ನಡಿ ಚೂರು, ಚೂರಿಗೊಂದು ಸೂರ್ಯ. ನಾಲ್ಕನೇ ಸುತ್ತಿಗೆ ಮಗಳ ಎಡಗೆನ್ನೆ ಕಾಣಲಿಲ್ಲ.

ಇಳಿದವನು ಹೊಂಗೆ ಮರದ ತನಕ ಹೋಗಲಾಗದೆ ಅರ್ಧ ದಾರಿಯಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡೆ. ಜನ ದೂರ ಸರಿದರು. ಕಾವಲಿನವರೊಬ್ಬರು ಕೋಲು ಊರಿಕೊಂಡು ಬಂದು, "ಹಾಡಹಗಲ ಎಷ್ಟ್ ಹಾಕ್ಕೊಂಡ್ ಬಂದೀರಿ? ಹೆಣ್ಮಕ್ಕಳು ಬರೂ ಜಾಗಾ ಐತಿ ಇದು. ಏಳ್ರಿ, ಹೊರಗ ನಡೀರಿ" ಎಂದರು.

ಮಾವ ಛತ್ರಿ ಹಿಡಿದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದುದು ಸಿಕ್ಕವರ ಮುಖ ಅದು. ನಾನು ತೊದಲುತ್ತ ಹೆಂಡತಿಗೆ, "ಚೀಲದಾಗ ದಾಡಿ ಡಬ್ಬಿ ಐತಿ, ಅದರಾಗ ಹನಿ ಔಷಧ" ಎಂದೆ. ಗುಟ್ಟು ಕಾಯುವಷ್ಟು ತ್ರಾಣ ಉಳಿದಿರಲಿಲ್ಲ. ಅವಳು ಬಾಟಲಿ ತೆಗೆದಳು, ಆದರೆ ಕೊಡಲಿಲ್ಲ. ಕಾವಲಿನವರು ಕೈ ಚಾಚಿ ಇಸಿದುಕೊಂಡು ಮುಚ್ಚಳ ಬಿಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ನೀರ ಐತಲ್ಲ ಇದು" ಎಂದರು.

"ಆ ಡಾಕ್ಟರ್ ಮೋಸಾ ಮಾಡ್ಯಾನ" ಎಂದೆ ನಾನು, ನೆಲ ನೋಡುತ್ತಲೇ.

"ಡಾಕ್ಟರ್ ಏನೂ ಮಾಡಿಲ್ರಿ" ಎಂದಳು ಹೆಂಡತಿ. "ಪಾದೋದಕ ಐತಿ ಅದರಾಗ. ನಾನ ಹಾಕೀನಿ."

ದಾಡಿ ಡಬ್ಬಿ ತೊಳೆಯುವಾಗ ಅವಳಿಗೆ ಬಾಟಲಿ ಸಿಕ್ಕಿತ್ತಂತೆ. ಮೂಸಿ ನೋಡಿದಳಂತೆ. ಲಿಂಗ ಹಿಡಿದು ಮಾಡಿದ ಆಣೆ ಮುರಿದಿದ್ದಾನೆ, ಇನ್ನು ಮನೆಗೆ ಏನು ಕಾದಿದೆಯೋ ಎಂದು ನಡುಗಿ, ಔಷಧ ಬಚ್ಚಲಿಗೆ ಸುರಿದು, ತವರಿನಲ್ಲಿ ಅಪ್ಪ ಲಿಂಗಪೂಜೆ ಮಾಡಿದ ತೀರ್ಥವನ್ನು, ಆ ಪಾದೋದಕವನ್ನು ತಂದು ತುಂಬಿಸಿದ್ದಳು. ಪ್ರತಿ ಸೋಮವಾರ ಮತ್ತೆ ತುಂಬುತ್ತಿದ್ದಳು. ಗಂಡ ಕುಡಿಯುತ್ತಾನೆ ಎಂದು ಅಪ್ಪನಿಗೂ ಹೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು. ಆ ಬಿಸಿಲಿನಲ್ಲಿ ಅವಳು ಮಾಡಿದ್ದು ಬೇರೆ. ಎಲ್ಲರ ಮುಂದೆ ನನ್ನ ಪಕ್ಕದಲ್ಲಿ ಕೂತು, ವಾಂತಿಯಾದ ಬಾಯಿಗೆ ಮೂಗು ಹತ್ತಿರ ತಂದು ಉಸಿರೆಳೆದುಕೊಂಡಳು.

"ಇವರು ಕುಡದಿಲ್ರಿ" ಎಂದಳು ಕಾವಲಿನವರಿಗೆ. ಆಮೇಲೆ ಅಪ್ಪನ ಕಡೆ ತಿರುಗಿ, "ಮುಂಜಾನಿ ಎದ್ದಾಗಿಂದ ನಾ ಇವರ ಮ್ಯಾಲಿನ ಕಣ್ಣ ತಗದಿಲ್ಲ. ಕುದುರಿ ಮ್ಯಾಲಿಂದ ಇಳಿಯೂತನಕ ಛಲೋ ಇದ್ರು. ಇದು ಜಡ್ಡ ಐತಿ, ಅಪ್ಪಾ" ಎಂದಳು.

ಮಾವ ಛತ್ರಿಯನ್ನು ತಂದು ನನ್ನ ತಲೆಯ ಮೇಲೆ ಹಿಡಿದರು. ಕಾವಲಿನವರಿಗೂ ಮುಜುಗರವಾಯಿತು. "ಕತ್ತಲಿ ಬೇಕಾದ್ರ ಭೂತಬಂಗ್ಲೆದಾಗ ಕುಂದ್ರಸ್ರಿ. ಊಟದ ಹೊತ್ತಿಗೆ ಲೈಟ್, ಸೌಂಡ್ ಎಲ್ಲಾ ಬಂದ್ ಇರ್ತಾವ" ಎಂದು ತಾವೇ ಕೀಲಿ ತರಲು ಹೋದರು.

ಆ ಇಡೀ ಪಾರ್ಕಿನಲ್ಲಿ ನನಗಾಗಿಯೇ ಕಟ್ಟಿಸಿದಂತಿದ್ದ ಜಾಗ ಅದೊಂದೇ. ಕಿಟಕಿಯಿಲ್ಲ, ಗೋಡೆಗೆಲ್ಲ ಕಪ್ಪು ಬಣ್ಣ. ಗಾರೆಯ ಎಲುಬುಗೂಡೊಂದರ ಪಕ್ಕದ ಕಟ್ಟೆಯ ಮೇಲೆ ನನ್ನನ್ನು ಮಲಗಿಸಿ, ಹೆಂಡತಿ ಒದ್ದೆ ಟವೆಲು ಹಾಸಿದಳು. ಮಗಳು ಅಜ್ಜನ ಜೊತೆ ಹೊರಗೇ ಉಳಿದಳು. ಬಾಟಲಿಯ ಕಥೆಯನ್ನು ಹೆಂಡತಿ ಹೇಳಿದ್ದು ಅಲ್ಲಿಯೇ. ನನಗೆ ವಿಪರೀತ ಸಿಟ್ಟು ಬಂತು. ನೋವಿನಲ್ಲಿ ಕೂಗಲೂ ಆಗುವುದಿಲ್ಲ.

"ಕುಡೀತೀನಿ ಅಂತ ಅಂದ್ಕೊಂಡಿದ್ದಿ, ಹೌದಲ್ಲ?" ಎಂದೆ.

"ಹೂಂ" ಎಂದಳು. "ಯಾಕ ಸುಳ್ಳ ಹೇಳ್ಲಿ? ಬಂದವರ ಚಿಲಕಾ ಹಾಕ್ಕೋತಿದ್ರಿ. ಒಳಗ ಏನ್ ನಡೀತೈತಿ ಅಂತ ನನಗೇನ್ ಗೊತ್ತು? ಒಂದ ಸಲಾನೂ ನನ್ನ ಮುಂದ ಬ್ಯಾನಿ ತಿಂದು ನರಳಿಲ್ಲ ನೀವು."

"ನೀ ನಂಬೂದಿಲ್ಲ ಅಂತ ಹಾಕ್ಕೋತಿದ್ದೆ."

ಅವಳು ಟವೆಲನ್ನು ಮಗುಚಿ ಹಾಕಿದಳು. ಆಮೇಲೆ ತೀರ ಮೆಲ್ಲಗೆ, "ಎಲ್ಲೆ ನೋಯ್ತೈತ್ರಿ?" ಎಂದಳು.

ಪರೀಕ್ಷೆ ಮಾಡುತ್ತಿದ್ದಾಳೇನೋ ಎಂದು ಆಗಲೂ ನನಗೆ ಸಂಶಯವೇ ಬಂತು. ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. ಕತ್ತಲಲ್ಲಿ ಅವಳ ಕೈ ಹುಡುಕಿ, ಹೆಬ್ಬೆರಳನ್ನು ಎಡಹುಬ್ಬಿನ ಮೂಲೆಗೆ ಒಯ್ದು ಒತ್ತಿ ತೋರಿಸಿದೆ. ಅಲ್ಲಿ ನರ ಹಾರುತ್ತಿದ್ದುದು ಅವಳ ಬೆರಳಿಗೆ ಸಿಕ್ಕಿರಬೇಕು. ಅವಳು ಅಳತೊಡಗಿದಳು, ಆದರೆ ಬೆರಳು ತೆಗೆಯಲಿಲ್ಲ.